ಅತ್ತೆಯ ಹಾಜರಿ

"ಈ ಪೆಟ್ಟಿಗೆಯಿಂದ ಕಲಿಯೋ ಗತಿ ನನಗಿನ್ನೂ ಬಂದಿಲ್ಲ," ಎಂದು ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ದುರುಗುಟ್ಟಿ ನೋಡುತ್ತಾ ಬುರುಲ್ಚಾ ಘೋಷಿಸಿದಳು. ನಾರಿನ್ ಕಣಿವೆಯ ಆ ಹಳ್ಳಿಯ ಚಿಕಿತ್ಸಾಲಯಕ್ಕೆ ಇಪ್ಪತ್ತೆರಡು ವರ್ಷದಿಂದ ಅವಳೊಬ್ಬಳೇ ನರ್ಸ್. ಇಡೀ ಊರಿನ ರಕ್ತದೊತ್ತಡ ಅವಳ ಬೆರಳ ತುದಿಯಲ್ಲಿತ್ತು.

"ಕಲೀಬೇಡ. ಸಂಜೆ ಐದರೊಳಗೆ ಆನ್‌ಲೈನ್ ಪಾಠ ಮುಗಿಸದಿದ್ರೆ ನಿನ್ನ ಪರವಾನಗಿ ಹೋಗುತ್ತೆ, ಚಿಕಿತ್ಸಾಲಯಕ್ಕೆ ಬೀಗ ಬೀಳುತ್ತೆ, ಅಷ್ಟೇ," ಎಂದ ಗಂಡ ಎಸೆನ್, ಕುದುರೆಗೆ ಹುಲ್ಲು ಹಾಕಲು ಹೊರಡುತ್ತಾ.

"ಒಂದು ಗಂಟೆ ಪಾಠ ತಾನಾಗಿ ಮುಗಿಯುತ್ತೆ ರೀ. ಅದಕ್ಕೆ ಬೇಕಿರೋದು ಕ್ಯಾಮೆರಾ ಎದುರಿಗೊಂದು ಮುಖ, ತಲೆ ಅಲ್ಲ."

ಮುಖ ಒಳಕೋಣೆಯ ಗೋಡೆಯ ಮೇಲಿತ್ತು. ತೀರಿಹೋದ ಅತ್ತೆ ಉಮ್ಸುನಾಯ್, ಬಿಳಿ ಟೊಪ್ಪಿಗೆಯ ದೊಡ್ಡ ಭಾವಚಿತ್ರದಲ್ಲಿ. ಅದೇ ಚಿಕಿತ್ಸಾಲಯವನ್ನು ನಲವತ್ತು ವರ್ಷ ನಡೆಸಿ, ಸೊಸೆಗೆ ಸೂಜಿ ಹಿಡಿಯಲು ಕಲಿಸಿದವಳು. ಬುರುಲ್ಚಾ ಚಿತ್ರವನ್ನು ಇಳಿಸಿ ಕುರ್ಚಿಯ ಮೇಲೆ ಕೂರಿಸಿ, ಲ್ಯಾಪ್‌ಟಾಪನ್ನು ಅದರತ್ತ ತಿರುಗಿಸಿದಳು. ತೆರೆಯ ಮೇಲೆ ಹಸಿರು ಗುರುತು ಬಿತ್ತು: ಹಾಜರು.

ಅವಳು ಬೊರ್ಸೋಕ್ ಕರಿಯಲು ಅಡುಗೆಮನೆಗೆ ಹೋದಳು. ಶುಕ್ರವಾರ ಮನೆಯಲ್ಲಿ ಎಣ್ಣೆಯ ಘಮ ಏಳಬೇಕು. ತೀರಿಹೋದವರಿಗೆ ಆ ಘಮವೇ ಊಟ. ಪಾಠದ ಗಂಟೆ ಮುಗಿಯುತ್ತಾ ಬಂದು, ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬಿ ತೇಲುವಾಗ ಒಳಗಿನಿಂದ ಸದ್ದು ಕೇಳಿತು. ಟಕ್. ಟಕ್ ಟಕ್. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಂತೆ.

"ರೀ, ಅದನ್ನ ಮುಟ್ಬೇಡಿ."

ಹಿಂಬಾಗಿಲು ತೆರೆಯಿತು. ಬೂಟಿನ ಹಿಮ ಕೊಡವುತ್ತಾ ಎಸೆನ್ ಒಳಬಂದ. "ಯಾವುದನ್ನ?"

ಒಳಗೆ ಮತ್ತೆ ಟಕ್ ಎಂದಿತು.

"ನೀವು ಮುಂದೆ ಹೋಗಿ. ನಿಮ್ಮಮ್ಮ."

"ಕುರ್ಚೀಲಿ ಕೂರಿಸಿದ್ದು ನೀನು. ನನ್ನನ್ಯಾಕೆ ಬೈಸ್ತೀಯ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಒಲೆ ಹಚ್ಚದ ಆ ಕೋಣೆಯಲ್ಲಿ ಇಬ್ಬರ ಉಸಿರೂ ಹೊಗೆಯಾಗುತ್ತಿತ್ತು. ಗೋಡೆಯ ಮೊಳೆಗೆ ತೂಗುತ್ತಿದ್ದ ಬುರುಲ್ಚಾಳ ಸ್ಟೆತಸ್ಕೋಪ್ ಈಗ ಕುರ್ಚಿಯ ಮೇಲೆ, ಚಿತ್ರದ ಮುಂದಿತ್ತು. ಬುರುಲ್ಚಾ ಅದರ ಬಿಲ್ಲೆಯನ್ನು ಮುಟ್ಟಿ ಕೈ ಹಿಂತೆಗೆದಳು. ಬೆಚ್ಚಗಿತ್ತು.

ಫೋನ್ ಬಡಿದುಕೊಂಡಿತು. ರಾಜಧಾನಿ ಬಿಷ್ಕೆಕ್‌ನಿಂದ ಪಾಠ ಮಾಡುವ ಮೇಷ್ಟ್ರು.

"ಅಕ್ಕ, ಪಾಠದ ಕೊನೆಯ ಪರೀಕ್ಷೇಲಿ ಮೂವತ್ತಕ್ಕೆ ಮೂವತ್ತು. ಈ ಸಲ ಪೂರ್ತಿ ಅಂಕ ನಿಮ್ಮೊಬ್ಬರಿಗೇ. ಆದ್ರೆ ನೀವು ನನಗೆ ಬರೆದಿದ್ದ ಪ್ರಶ್ನೆ ನೋಡಿ ನಾಚಿಕೆ ಆಯ್ತು."

"ಯಾವ ಪ್ರಶ್ನೆ?"

"'ಮಗುವಿನ ಎದೆಗಿಡೋ ಮೊದಲು ಸ್ಟೆತಸ್ಕೋಪನ್ನ ಅಂಗೈಯಲ್ಲಿ ಬೆಚ್ಚಗೆ ಮಾಡ್ಬೇಕು ಅಂತ ನಿನಗ್ಯಾರೂ ಕಲಿಸ್ಲಿಲ್ವಾ?' ಅಂತ."

ಬುರುಲ್ಚಾ ಕುರ್ಚಿಯ ಮೇಲಿನ ಚಿತ್ರದತ್ತ ತಿರುಗಿದಳು. ಕೆಲಸಕ್ಕೆ ಸೇರಿದ ವಾರ ಅತ್ತೆ ಅವಳನ್ನು ಬೈದದ್ದು ಇದೇ ಮಾತಿನಲ್ಲಿ. ಅಂಗೈಯಲ್ಲಿ ಬೆಚ್ಚಗೆ ಮಾಡುವುದನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಒಂದೇ ತೊಂದರೆ ಅಕ್ಕ. ಪಾಠ ಕೇಳಿದ ಮುಖಕ್ಕೂ ನಿಮ್ಮ ಗುರುತಿನ ಕಾರ್ಡಿನ ಮುಖಕ್ಕೂ ತಾಳೆ ಆಗ್ತಿಲ್ಲ. ಪಾಸಾದ ಅಜ್ಜಿನ ಸೋಮವಾರ ಇಲ್ಲಿಗೆ ಕಳಿಸಿ. ಇಲ್ಲಾಂದ್ರೆ ಐದರೊಳಗೆ ನೀವೇ ಕೂತು ಕೇಳಿ."

"ಅಜ್ಜಿ ಬರೋ ಸ್ಥಿತೀಲಿಲ್ಲ," ಎಂದಳು ಬುರುಲ್ಚಾ ಮೆಲ್ಲಗೆ. "ನಾನೇ ಕೂರ್ತೀನಿ."

ಚಿತ್ರವನ್ನು ಗೋಡೆಗೆ ಮರಳಿಸಿ, ಅದರ ಕೆಳಗೆ ಬಿಸಿ ಬೊರ್ಸೋಕಿನ ತಟ್ಟೆಯಿಟ್ಟು, ಅದಕ್ಕೆ ಬೆನ್ನು ಮಾಡಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಹಸಿರು ಗುರುತು ಬಿತ್ತು. ಅದರ ಕೆಳಗೆ ಇನ್ನೊಂದು ಸಾಲು ಮೂಡಿತು:

ಹಾಜರಿರುವವರು ಇಬ್ಬರು. ಹಿಂದೆ ಇರುವವರು ದಯವಿಟ್ಟು ಉತ್ತರ ಹೇಳಿಕೊಡಬಾರದು.