ನಲವತ್ತೇಳನೆಯ ಸ್ಲೈಡಿನಲ್ಲಿ ನನ್ನ ಹೆಂಡತಿ

ಕಳೆದ ಸೋಮವಾರ ಗೋವಾದ ಪರ್ವರಿಯ ನಮ್ಮ ಕಟ್ಟಡದ ಸೈಟಿಗೆ ಬಂದು, ಜೀವ ಉಳಿಸಿಕೊಳ್ಳುವ ವಿದ್ಯೆಯನ್ನು ಅರವತ್ತೆರಡು ಸ್ಲೈಡುಗಳಲ್ಲಿ ಧಾರೆಯೆರೆದು ಹೋದ ಸುರಕ್ಷತಾ ಅಧಿಕಾರಿ ಸಾಹೇಬರ ಸನ್ನಿಧಾನಕ್ಕೆ ಗೌಂಡಿ ಲೋಕಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ನಮ್ಮ ಊಟದ ಬಿಡುವಿನಲ್ಲೇ ಬಂದಿರಿ. ಇದರಿಂದ ಕೆಲಸವೇನೂ ಕೆಡಲಿಲ್ಲ, ರೊಟ್ಟಿ ಬುತ್ತಿಯಲ್ಲೇ ಉಳಿಯಿತು ಅಷ್ಟೆ. ಎರಡು ಬೊಂಬು ನೆಟ್ಟು ಬಿಳಿ ಪರದೆ ಕಟ್ಟಿಸಿ, ತಮ್ಮ ವಯರಿಗೆ ಯಾರೂ ಎಡವದಂತೆ ಸುತ್ತ ಹಗ್ಗ ಕಟ್ಟಿಸಿದ ತಮ್ಮ ಮುಂಜಾಗ್ರತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆಮೇಲೆ ತಾವು ನಮಗೆ ಬೆನ್ನು ಮಾಡಿ ನಿಂತು, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳನ್ನು ಒಂದೂ ಬಿಡದೆ ಪರದೆಗೇ ಓದಿ ಹೇಳಿದಿರಿ. ಓದುತ್ತ ಓದುತ್ತ ಹಿಂದಕ್ಕೆ ಹೆಜ್ಜೆ ಇಡುವ ರೂಢಿ ತಮ್ಮದು. ಎರಡು ಸಲ ಸಿಮೆಂಟ್ ಚೀಲಕ್ಕೆ ಎಡವಿದಿರಿ, ಎರಡೂ ಸಲ ನಮ್ಮ ಮಲಂಗಸಾಬ ಹಿಡಿದುಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತೆಂದು ತಮಗೆ ಬೇಸರವಾಗಿರಬಹುದು. ಕೋಣಗಳೇ ಹೌದು ಬಿಡಿ, ಆದರೆ ಕಿನ್ನರಿಯನ್ನು ಕೋಣನ ಕಡೆಗಾದರೂ ತಿರುಗಿಸಬೇಕಲ್ಲ ಸಾಹೇಬರೇ!

ನಲವತ್ತೇಳನೆಯ ಸ್ಲೈಡಿಗೆ ಮಾತ್ರ ಎಲ್ಲರೂ ಎಚ್ಚೆತ್ತೆವು. ಅದರಲ್ಲಿ ಅಕ್ಷರವಿರಲಿಲ್ಲ, ನಾಲ್ಕನೆಯ ಮಹಡಿಯ ಅಂಚಿನಲ್ಲಿ, ಯಾವ ತಡೆಯೂ ಇಲ್ಲದ ಕಡೆ, ಸಿಮೆಂಟಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ನನ್ನ ಹೆಂಡತಿ ಲಕ್ಷ್ಮವ್ವ ಇದ್ದಳು, ಅವಳ ಸುತ್ತ ಬಳೆಯಂಥ ಕೆಂಪು ಗೀಟು. “ಅಯ್ಯ ಶಿವನ, ನನ್ನ ಫೋಟೋ ಬಂದೈತಿ ನೋಡ್ರಿ!” ಎಂದು ಆಕೆ ಎದ್ದೇ ನಿಂತಳು. ಕೆಂಪು ಗೀಟು ಬಹುಮಾನದ ಗುರುತೆಂದು ತಿಳಿದು ನಾವೆಲ್ಲ ಚಪ್ಪಾಳೆ ತಟ್ಟಿದೆವು, ನಾನಂತೂ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಅದು ತಪ್ಪಿನ ಗುರುತೆಂದು ಸಂಜೆ ನಮ್ಮ ಕೆಲಸ ನೋಡಿಕೊಳ್ಳುವ ಮುಕಾದಮರು ಹೇಳಿದರು. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ನೆತ್ತಿಗೇರಿತು. ಅಲ್ಲ, ಆ ಫೋಟೋ ತೆಗೆಯಲು ಅದಕ್ಕೂ ಹಿಂದಿನ ವಾರ ತಾವೇ ಆ ಮಹಡಿಗೆ ಹತ್ತಿದ್ದಿರಿ, ಅಂಚು ಬೋಳಾಗಿರುವುದನ್ನು ಕಣ್ಣಾರೆ ಕಂಡಿರಿ, ಆಕೆ ಅಲ್ಲಿಗೆ ಬರುವವರೆಗೆ ಕಾದು ಫೋಟೋ ತೆಗೆದುಕೊಂಡು ಇಳಿದು ಹೋದಿರಿ. ಆಮೇಲೂ ಆಕೆ ದಿನಕ್ಕೆ ನೂರು ಸಲ ಅಲ್ಲೇ ಓಡಾಡಿದಳು. ಬೇಡವೆಂದರೆ “ಸಾಹೇಬ್ರ ನೋಡಿ ಹೋಗ್ಯಾರಲ್ಲ, ಇನ್ನೇನ್ ಅಂಜಿಕಿ?” ಎನ್ನುತ್ತಾಳೆ. ನನಗೆ ಮಾತ್ರ ಇಟ್ಟಿಗೆ ಇಡುವಾಗಲೂ ಕಣ್ಣು ಆ ಅಂಚಿನ ಮೇಲೇ.

ಆದ್ದರಿಂದ ನನ್ನ ಬಿನ್ನಹ: ಮುಂದಿನ ಸಲ ಸ್ಲೈಡು ಹತ್ತೇ ಇರಲಿ, ಅಕ್ಷರ ಅಂಗೈಯಷ್ಟು ದಪ್ಪ ಇರಲಿ, ಮುಖ ನಮ್ಮ ಕಡೆ ಇರಲಿ. ಈ ಸಲ ಕೊನೆಯ ಸ್ಲೈಡಿನಲ್ಲಿ ‘ಪ್ರಶ್ನೆಗಳಿವೆಯೇ?’ ಎಂದು ತೋರಿಸಿದೊಡನೆ ತಾವು ಲ್ಯಾಪ್‌ಟಾಪ್ ಮುಚ್ಚಿದಿರಿ. ಲಕ್ಷ್ಮವ್ವನ ಜೊತೆ ಬುಟ್ಟಿ ಹೊರುವ ಹುಲಿಗೆಮ್ಮ ಎತ್ತಿದ ಕೈ ಹಾಗೇ ಉಳಿಯಿತು, ಆಕೆ ಕೇಳಬೇಕೆಂದಿದ್ದದ್ದೂ ಆ ಅಂಚಿನ ಬಗ್ಗೆಯೇ. ಸ್ಲೈಡು ಕಡಿಮೆ ಮಾಡಲು ಮನಸ್ಸು ಬಾರದಿದ್ದರೆ ಅರವತ್ತೆರಡನ್ನೂ ಗಟ್ಟಿ ಹಲಗೆಯ ಮೇಲೆ ಅಚ್ಚು ಹಾಕಿಸಿ ಕಳುಹಿಸಿರಿ, ಅಂಚಿನುದ್ದಕ್ಕೂ ನಿಲ್ಲಿಸಿಕೊಳ್ಳುತ್ತೇವೆ. ಆಗ ತಮ್ಮ ಪ್ರತಿಯೊಂದು ಸ್ಲೈಡೂ ಒಂದೊಂದು ಜೀವ ಕಾಯುತ್ತದೆ.

ಇಂತಿ, ಈವರೆಗೆ ಕೆಳಗೆ ಬೀಳದ
ತಮ್ಮ ವಿಶ್ವಾಸಿ,
ಲೋಕಪ್ಪ

ತಾ.ಕ.: ತಾವು ಬಿಟ್ಟುಹೋದ ಎರಡು ಬೊಂಬು, ಹಗ್ಗಗಳನ್ನು ನಿನ್ನೆ ಲಕ್ಷ್ಮವ್ವ ಓಡಾಡುವ ಅಂಚಿಗೆ ನಾವೇ ಕಟ್ಟಿದ್ದೇವೆ. ಅವು ಅಷ್ಟು ಉದ್ದಕ್ಕೇ ಸಾಲುತ್ತವೆ, ಉಳಿದ ಮೂರು ಕಡೆ ಇನ್ನೂ ಬೋಳು. ಮುಂದಿನ ಪ್ರದರ್ಶನವನ್ನು ತಾವು ಅಲ್ಲೇ ಮೇಲೆ ಇಟ್ಟುಕೊಳ್ಳಬಹುದು. ಪರದೆ ನೋಡುತ್ತ ಹಿಂದಕ್ಕೆ ಹೆಜ್ಜೆ ಇಡುವಾಗ ಮಾತ್ರ ಜೋಕೆ, ಮಲಂಗಸಾಬ ಈಗ ದೂರದ ಫಾತೋರ್ಡಾದ ಸೈಟಿಗೆ ಹೋಗಿದ್ದಾನೆ.