ಸುವರ್ಣಗೆಡ್ಡೆ ಕೊಡಿಸಿದ ಖಾಯಂ ಕೆಲಸ

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಬದುಕಿನ ಅರ್ಧ ಪೇಚಾಟ ಇರುತ್ತಲೇ ಇರಲಿಲ್ಲ. ಸಸ್ಯಶಾಸ್ತ್ರ ಓದಿದವನಿಗೆ ಅದೊಂದು ಚಟ. ಯಾರು ಕೇಳಲಿ ಬಿಡಲಿ, ಪಾಠ ಶುರು! ಜಿಗಣಿಯ ಕಾರ್ಖಾನೆಯೊಂದರಲ್ಲಿ ತೋಟದ ಸೂಪರ್‌ವೈಸರ್ ಆಗಿ ಸೇರಿದ ಹೊಸತು. ಆರು ತಿಂಗಳಾದ ಮೇಲೆ ಖಾಯಂ ಮಾಡುತ್ತಾರೋ, ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಆಗಲೂ ಈ ಚಟ ಬಿಡಲಿಲ್ಲ.

೧. ಟೊಮ್ಯಾಟೊ ಮಂಡಿನೋವು

ನಮ್ಮ ಮ್ಯಾನೇಜರ್ ಮನೆಯ ಕುಂಡದಲ್ಲಿ ಟೊಮ್ಯಾಟೊ ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತಿತ್ತಂತೆ.

"ಕ್ಯಾಲ್ಸಿಯಂ ಸಾಲ್ತಿಲ್ಲ ಸಾರ್," ಅಂದೆ. "ನಮಗೆ ಮೂಳೆ ಹೇಗೋ ಗಿಡಕ್ಕೆ ಜೀವಕೋಶದ ಗೋಡೆ ಹಾಗೆ. ಕ್ಯಾಲ್ಸಿಯಂ ಇದ್ರೇನೇ ಅದು ಗಟ್ಟಿ."

ಸ್ವಲ್ಪ ಸುಣ್ಣ ಹಾಕಿ ಅನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು, ಹೊರಟುಹೋದರು. ವಾರ ಕಳೆದು ಅವರ ಹೆಂಡತಿ ಗೇಟಿನ ಹತ್ತಿರವೇ ನನ್ನನ್ನು ಹಿಡಿದರು.

"ಗಿಡದ ಡಾಕ್ಟರು ನೀವೇನಾ? ನನ್ನ ಕ್ಯಾಲ್ಸಿಯಂ ಮಾತ್ರೆ ಡಬ್ಬಿ ಖಾಲಿ ಕಣ್ರೀ! ಹತ್ತು ವರ್ಷದಿಂದ ಮಂಡಿನೋವು ಅಂತಿದೀನಿ, ಒಂದು ದಿನ ಮಾತ್ರೆ ಕೈಗೆ ಕೊಟ್ಟವರಲ್ಲ. ಆ ಟೊಮ್ಯಾಟೊಗೆ ಮಾತ್ರ ಬೆಳಿಗ್ಗೆ ಒಂದು, ಸಾಯಂಕಾಲ ಒಂದು, ನೀರಿನ ಜೊತೆ!"

೨. ಮಾತು ನಿಲ್ಲಿಸುವ ಗಿಡ

ಆಫೀಸಿನ ಮುಂದಿನ ಕೋಣೆಯಲ್ಲಿ ಅಗಲ ಎಲೆಯ ಒಂದು ಅಲಂಕಾರದ ಗಿಡವಿತ್ತು. ಅದರ ಎಲೆ ಅಗಿದರೆ ನಾಲಿಗೆ ಊದಿಕೊಂಡು ಮಾತೇ ಹೊರಡದು. ಯಾರಿಗೂ ತೊಂದರೆ ಆಗದಿರಲಿ ಅಂತ ಬೋರ್ಡ್ ಬರೆದು ಹಾಕಿದೆ: "ಎಚ್ಚರಿಕೆ! ಬಾಯಿಗಿಟ್ಟರೆ ಮಾತು ನಿಲ್ಲುತ್ತದೆ."

ಮರುದಿನ ಕುಂಡ ಮಾಯ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಮೀಟಿಂಗ್ ರೂಮಿನಲ್ಲಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಅದನ್ನು ಮ್ಯಾನೇಜರ್ ಕುರ್ಚಿ ಪಕ್ಕದಲ್ಲಿ, ಕೈಗೆಟುಕುವ ಹಾಗೆ, ಬಿಸ್ಕತ್ತಿನ ತಟ್ಟೆಗೆ ಒತ್ತಿ ಇಟ್ಟಿದ್ದರು.

೩. ಆಯುಧಪೂಜೆಯ ಊಟ

ಕಾರ್ಖಾನೆಯವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬ ಇಲ್ಲ. ಯಂತ್ರಗಳಿಗೆಲ್ಲ ಕುಂಕುಮ, ಬಾಳೆಕಂದು, ಬಂದವರಿಗೆಲ್ಲ ಊಟ. ನನ್ನ ಆರು ತಿಂಗಳೂ ಅವತ್ತಿಗೇ ಮುಗಿಯುತ್ತಿತ್ತು.

ಹಿತ್ತಲಲ್ಲಿ ಹಳೆಯ ಮಾಲಿ ನೆಟ್ಟುಹೋಗಿದ್ದ ಸುವರ್ಣಗೆಡ್ಡೆಯ ಪಲ್ಯ ಮಾಡಿಸೋಣ ಅಂತ ನಾನೇ ಸೂಚಿಸಿದ್ದೆ. ಮ್ಯಾನೇಜರ್ ಹೇಳಿದರು, "ಹೊರಗಿಂದ ಗೆಸ್ಟ್ ಬರ್ತಾರೆ. ಎಡವಟ್ಟಾದ್ರೆ ನಿಮ್ಮ ಖಾಯಂ ಆರ್ಡರ್ ನನ್ನ ಜೇಬಲ್ಲೇ ಇರುತ್ತೆ."

ಕ್ಯಾಂಟೀನಿನ ಅಡುಗೆ ಅಕ್ಕ ಜಿಗಣಿಯವರೇ. ಗೆಡ್ಡೆ ಹೆಚ್ಚಿ ಹುಣಸೆನೀರಿಗೆ ಹಾಕುತ್ತಿದ್ದರು. ನನ್ನ ಚಟ ಸುಮ್ಮನಿರಬೇಕಲ್ಲ!

"ಅಕ್ಕ, ಹುಣಸೆ ಬೇಡ. ಗಿಡ ಹೆಚ್ಚಾದ ಕ್ಯಾಲ್ಸಿಯಂನ ಆಕ್ಸಾಲಿಕ್ ಆಮ್ಲದ ಜೊತೆ ಸೇರಿಸಿ ಸಣ್ಣ ಸಣ್ಣ ಸೂಜಿ ಮಾಡಿ ಇಟ್ಕೊಳ್ಳುತ್ತೆ, ದನಕರು ತಿನ್ನದೇ ಇರ್ಲಿ ಅಂತ. ಗಂಟಲು ಕೆರೆಯೋದು ಆ ಸೂಜಿ ಚುಚ್ಚಿ. ಅದು ಮೊದಲೇ ಆಮ್ಲದ್ದು, ಮೇಲೆ ಹುಳಿ ಸುರಿದ್ರೆ ಇನ್ನೂ ಜಾಸ್ತಿ ಆಗಲ್ವಾ?"

"ಅಂಗಾ ಸಾರ್? ಆಯ್ತು ಬುಡಿ, ಓದಿರೋರು ನೀವು," ಅಂದರು.

ಪಂಕ್ತಿಯಲ್ಲಿ ಕೂತೆ. ಅಕ್ಕ ಎಲ್ಲರಿಗೂ ದೊಡ್ಡ ಪಾತ್ರೆಯಿಂದ, ನನಗೆ ಮಾತ್ರ ಸಣ್ಣ ಬಟ್ಟಲಿನಿಂದ ಪಲ್ಯ ಬಡಿಸಿದರು. ವಿಶೇಷ ಮರ್ಯಾದೆ ಅಂದುಕೊಂಡು ಖುಷಿಯಾಗಿ ನಾಲ್ಕು ತುತ್ತು ಹೊಡೆದೆ. ಅಯ್ಯೋ, ಶಿವನೇ! ಗಂಟಲಿನಲ್ಲಿ ಸಾವಿರ ಸೂಜಿ. ಅಷ್ಟರಲ್ಲೇ ಮ್ಯಾನೇಜರ್ ಕವರ್ ಹಿಡಿದು ಬಂದರು.

"ಪಲ್ಯ ಸಕ್ಕತ್ತಾಗಿದೆ ಅಂತಿದ್ದಾರೆ ಗೆಸ್ಟು. ತಗೊಳ್ಳಿ, ನೀವು ಖಾಯಂ. ಎರಡು ಮಾತಾಡ್ರಿ."

ಎದ್ದೆ. ಬಾಯಿ ತೆರೆದೆ. ಸ್ವರ ಇಲ್ಲ. ಕಣ್ಣಲ್ಲಿ ಧಾರಾಕಾರ ನೀರು. ಕೈ ಮುಗಿದು ನಿಂತುಬಿಟ್ಟೆ.

"ಯಾರೋ ಆ ಕುಂಡದ ಗಿಡ ತಿನ್ಸಿದ್ರು ಸಾರ್!" ಅಂತ ಹಿಂದಿನಿಂದ ಕೂಗು ಬಂತು.

ಮ್ಯಾನೇಜರ್ ಗದರಿದರು, "ಸುಮ್ನಿರ್ರೀ! ಇಷ್ಟು ಕೃತಜ್ಞತೆ ಇರೋ ಮನುಷ್ಯನ್ನ ನಾನು ನೋಡೇ ಇಲ್ಲ." ಅವರ ಕಣ್ಣೂ ಒದ್ದೆಯಾಗಿತ್ತು.

ಅಡುಗೆಮನೆಗೆ ಓಡಿದೆ. ಅಕ್ಕ ಹುಣಸೆಹಣ್ಣು ಹಿಡಿದು ಕಾಯುತ್ತಿದ್ದರು. "ಚೀಪ್ಕಳಿ ಸಾರ್. ನೀವು ಯೇಳ್ದಂಗೆ ಒಂದು ಬಟ್ಲು ಮಾಡ್ದೆ, ನಿಮ್ಗೇಂತ. ಊರೋರ್ಗೆಲ್ಲ ನಮ್ಮವ್ವ ಯೇಳ್ಕೊಟ್ಟಂಗೆ."

ಆ ಬಟ್ಟಲಿನಂಥ ಪಲ್ಯ ಪಂಕ್ತಿಗೆಲ್ಲ ಹೋಗಿದ್ದರೆ ಕವರ್ ಮ್ಯಾನೇಜರ್ ಜೇಬಿನಲ್ಲೇ ಇರುತ್ತಿತ್ತು. ಆ ತಾಯಿಗೆ ಅಲ್ಲೇ ಕೈ ಮುಗಿದೆ. ಈ ಸಲದ ಕಣ್ಣೀರು ಗೆಡ್ಡೆಯದಲ್ಲ.

ಈಗಲೂ ಪ್ರತಿ ಆಯುಧಪೂಜೆಗೆ ಅಕ್ಕ ಸೌಟು ಹಿಡಿದು ಕೇಳುತ್ತಾರೆ: "ಸಾರ್, ಈ ವರ್ಸ ಪ್ರಮೋಸನ್ ಏನಾರ ಐತಾ? ಉಣ್ಸೆಣ್ಣು ಆಕ್ಲಾ, ಬ್ಯಾಡ್ವಾ?"