ಪಡಸಾಲೆಯ ಮೂರೆಲೆ

ಯಾವುದನ್ನೇ ಆಗಲಿ ಒಂದು ತುಂಡು ನೋಡಿ ಒಪ್ಪಿಕೊಳ್ಳುವುದು ನನ್ನ ಹಳೆಯ ಚಾಳಿ. ಸೀರೆ ಅಂಗಡಿಯಲ್ಲಿ ಸೆರಗಿನ ತುದಿ ಹಿಡಿದು ‘ಇದ ಇರಲಿ’ ಅಂದುಬಿಡುತ್ತೇನೆ; ಮನೆಗೆ ಬಂದು ಬಿಚ್ಚಿದರೆ ಒಡಲ ತುಂಬ ಆನೆ. ನನ್ನನ್ನು ನೋಡಲು ಬಂದ ವರನನ್ನೂ ಅಡುಗೆಮನೆಯ ಬಾಗಿಲ ಸಂದಿಯಿಂದ ಅರ್ಧ ಮೀಸೆ ಕಂಡಷ್ಟಕ್ಕೇ ಒಪ್ಪಿದವಳು ನಾನು. ಉಳಿದರ್ಧ ಹೇಗಿದ್ದೀತು ಎಂಬ ಕುತೂಹಲದಲ್ಲೇ ಸಂಸಾರ ಇಲ್ಲಿಯವರೆಗೆ ಚೆನ್ನಾಗಿ ನಡೆದಿದೆ. ಹೀಗಿರುವಾಗ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಒಂದೇ ಒಂದು ಟೈಲ್ಸು ನೋಡಿ ಇಡೀ ಪಡಸಾಲೆಗೆ ಹೇಳಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆನೆಬಣ್ಣದ ಮೇಲೆ ಒಂದು ಹಸಿರು ಬಾಗು, ಎಳೆ ಬಾಳೆಕಾಯಿಯ ಹಾಗೆ. “ನಾಕು ನಮೂನಿ ಕೂಡಿದ ಮ್ಯಾಲ ಡಿಜೈನ್ ಎದ್ದ ಬರ್ತೈತ್ರಿ ಅಕ್ಕಾರ,” ಅಂದಿದ್ದ ಅಂಗಡಿಯವನು. ಎದ್ದು ಬರಲಿ ಎಂದುಕೊಂಡೆ.

ಇಷ್ಟೆಲ್ಲ ಅತ್ತೆಯ ಸಲುವಾಗಿ. ನಮ್ಮ ಹಳೆಯ ಶಹಾಬಾದಿ ಕಲ್ಲಿನ ನೆಲ ಅಲ್ಲಲ್ಲಿ ಎದ್ದಿತ್ತು. ಹೋದ ವರ್ಷ ಅದರ ಅಂಚಿಗೆ ಎಡವಿ ಬಿದ್ದ ಅತ್ತೆ, “ನೆಲಾ ನೆಟ್ಟಗ ಆದ ಮ್ಯಾಲ ಕರೀರಿ,” ಎಂದು ಘೋಣಸಗಿಯ ಮೈದುನನ ಮನೆ ಸೇರಿದವರು ತಿರುಗಿ ಬಂದಿರಲಿಲ್ಲ. ಅವರಿಲ್ಲದ ಮನೆಯಲ್ಲಿ ನನ್ನ ರೊಟ್ಟಿಗೆ ಹೆಸರಿಟ್ಟು ತಪ್ಪು ಹುಡುಕುವವರಿಲ್ಲ. ಹೆಸರಿಡುವವರಿಲ್ಲದಿದ್ದರೆ ರೊಟ್ಟಿ ದಿನದಿನಕ್ಕೆ ದಪ್ಪವಾಗುತ್ತದೆ ಎಂಬುದು ನನ್ನ ಅನುಭವ. ನಮ್ಮ ಯಜಮಾನರು ತಾಟು ನೋಡಿ ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದರು. ಅವ್ವ ಬರಬೇಕೆಂಬ ಆಸೆ ಅವರಿಗೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು.

ಗೌಂಡಿ ಹಣಮಂತ ದಾರ ಕಟ್ಟಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಬಡಿದು ನೆಲ ಮುಗಿಸಿದ. ಒಂದು ವಾರ ನಾವಿಬ್ಬರೂ ಹೊಸ ಚಪ್ಪಲಿ ಹಾಕಿಕೊಂಡವರ ಹಾಗೆ ಅದರ ಮೇಲೆ ಸುಮ್ಮಸುಮ್ಮನೆ ಅಡ್ಡಾಡಿದೆವು. ಆಮೇಲೆ ಯಜಮಾನರು ಘೋಣಸಗಿಗೆ ಹೋಗಿ, ತಿಕೋಟಾದಲ್ಲಿ ಬಸ್ಸು ಬದಲಿಸಿ, ಅತ್ತೆಯನ್ನು ಕರೆತಂದರು. ತಾವೇ ಮೊದಲು ಒಳಗೆ ಹೋಗಿ ಪಡಸಾಲೆಯ ನಡುವೆ ನಿಂತು, “ಬಾ ಬೇ ಯವ್ವಾ, ನೋಡು,” ಅಂದರು. ಅತ್ತೆ ಹೊಸ್ತಿಲಾಚೆಯೇ ನಿಂತರು. ನೆಲ ನೋಡಿದರು. ಮಗನ ಕಾಲು ನೋಡಿದರು.

“ಪತ್ರಿ ಮ್ಯಾಲ ನಿಂತೀಯಲ್ಲೋ ತಮ್ಮಾ.”

ನಾಲ್ಕು ಟೈಲ್ಸು ಕೂಡಿದಲ್ಲೆಲ್ಲ ಒಂದು ತೊಟ್ಟಿಗೆ ಮೂರು ಎಲೆ. ಶಿವನ ತಲೆಗೇರುವ ಬಿಲ್ವಪತ್ರೆ. ವಾರವಿಡೀ ನಮ್ಮ ಕಣ್ಣಿಗೆ ಬೀಳದ್ದು ಈಗ ಗೋಡೆಯಿಂದ ಗೋಡೆಗೆ ಅದೊಂದೇ ಕಾಣತೊಡಗಿತು. ಯಜಮಾನರು ಗಾಬರಿಯಿಂದ ಒಂದು ಕಾಲು ಎತ್ತಿದರು. ಇಳಿಸಲು ಜಾಗ ಸಿಗದೆ ಕೊಕ್ಕರೆಯ ಹಾಗೆ ನಿಂತು, ಕೊನೆಗೆ ಎಲೆಗಳ ನಡುವಿನ ಖಾಲಿ ಜಾಗ ಹುಡುಕಿ ಹುಡುಕಿ ಜಿಗಿಯುತ್ತ ಹೊರಗೆ ಬಂದರು.

“ಚಾಪಿ ಹಾಸ್ತೇನ್ರಿ,” ಅಂದೆ ನಾನು.

“ಚಾಪಿ ಹಾಸಿದ್ರ ನಮಗ ಕಾಣಂಗಿಲ್ಲ. ಶಿವಗೂ ಕಾಣಂಗಿಲ್ಲೇನ ಬೇ?” ಅಂದರು ಅತ್ತೆ.

ಯಜಮಾನರು ಹಣಮಂತನಿಗೆ ಫೋನ್ ಮಾಡಿದರು. “ನಾ ಹಚ್ಚಾಂವ್ರಿ ಸರ. ಭಕ್ತಿ ನಿಮ್ಮ ಕಡೆ ಬರ್ತೈತಿ,” ಅಂದ ಅವನು. “ಕೀಳೂದಾದ್ರ ಹೇಳ್ರಿ, ಆದ್ರ ಒಂದೂ ಇಡಿಯಾಗಿ ಬರಂಗಿಲ್ಲ.” ಪತ್ರೆ ತುಳಿಯುವುದು ದೊಡ್ಡ ಪಾಪವೋ, ಒಡೆಯುವುದು ದೊಡ್ಡದೋ, ನಮಗಂತೂ ತಿಳಿಯಲಿಲ್ಲ.

ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತರು. ಚೀಲ ತೊಡೆಯ ಮೇಲೇ ಇತ್ತು. “ಸಂಜೀ ಬಸ್ಸಿಗೆ ಹೋಗ್ತೇನಿ. ತಪ್ಪ ನಿಮ್ದಲ್ಲ.” ತಪ್ಪು ನಮ್ಮದೇ ಅಂದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವರ ಮಂಚಕ್ಕೆ ಹೊಸ ಕೌದಿ ಹಾಸಿಟ್ಟಿದ್ದೆ. ಪಡಸಾಲೆಯ ಆಚೆ, ತೆರೆದ ಬಾಗಿಲಲ್ಲಿ ಅದು ಕಾಣುತ್ತಿತ್ತು. ಅತ್ತೆಯೂ ಆಗಾಗ ಅತ್ತ ಕಡೆ ನೋಡಿ ಮುಖ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಕಾಯಿಪಲ್ಲೆಯ ಗಾಡಿ ಬಂತು. ಏನೂ ತೋಚದೆ ಒಂದು ಸೂಡು ಮೆಂತ್ಯ ತಗೊಂಡು ಅತ್ತೆಯ ಪಕ್ಕದಲ್ಲೇ ಕೂತು ಸೋಸತೊಡಗಿದೆ. ಬೇರೆಯವರು ಪಲ್ಲೆ ಸೋಸುವುದನ್ನು ಸುಮ್ಮನೆ ನೋಡುತ್ತ ಕೂರುವುದು ಅತ್ತೆಯಿಂದ ಆಗದ ಕೆಲಸ. “ದಂಟೆಲ್ಲಾ ಹಂಗ ಬಿಡಾಕತ್ತಿ ನೋಡು,” ಎಂದು ಚೀಲ ಕೆಳಗಿಟ್ಟು ತಾವೂ ಕೈಹಾಕಿದರು. ಸ್ವಲ್ಪ ಹೊತ್ತಿಗೆ ಆ ಕೈ ನಿಂತಿತು. ಒಂದು ಕುಡಿಯನ್ನು ಕಣ್ಣ ಹತ್ತಿರ ಹಿಡಿದರು. ಬಾಗಿಲೊಳಗಿನ ನೆಲ ನೋಡಿದರು. ಮತ್ತೆ ಕುಡಿ ನೋಡಿದರು.

“ಪತ್ರಿ ತುದಿ ಚೂಪ ಇರ್ತೈತಿ.”

“ಹೌದ್ರಿ,” ಅಂದೆ.

“ನೆಲದ ಮ್ಯಾಲಿನ ಇವು ದುಂಡಗ ಅದಾವು. ಇದು ಮೆಂತ್ಯಾ ಐತಿ ಬೇ.”

“ಖರೇನ ಯವ್ವಾ?” ಎಂದು ಯಜಮಾನರು ಕನ್ನಡಕ ಸರಿಮಾಡಿಕೊಂಡರು.

“ಅರ್ಧಾ ಆಯುಷ್ಯ ಹೊಲದಾಗ ಮೆಂತ್ಯಾ ಕಿತ್ತಾಕಿ ನಾ. ನೀ ಆಫೀಸಿನಾಗ ಕುಂತಾಂವ. ಯಾರಿಗೆ ಕಲಿಸಾಕ ಬಂದಿ?”

ನಿಜ ಹೇಳಬೇಕೆಂದರೆ ನೆಲದ ಎಲೆಗಳ ತುದಿ ನನಗೆ ಪೂರ್ತಿ ಚೂಪಾಗಿಯೂ ಕಾಣಲಿಲ್ಲ, ಪೂರ್ತಿ ದುಂಡಗೂ ಕಾಣಲಿಲ್ಲ. ತಲೆ ತಗ್ಗಿಸಿ ದಂಟು ಮುರಿಯತೊಡಗಿದೆ. ಅತ್ತೆ ಆಗಲೇ ಚೀಲವನ್ನು ಮಗನ ಕೈಗೆ ಕೊಟ್ಟು, ಬಲಗಾಲಿಟ್ಟು ಒಳಗೆ ಬಂದು, ನಡುವೆ ನಿಂತು ಹಿಮ್ಮಡಿ ಊರಿ ನೋಡಿದರು. “ಜಾರಂಗಿಲ್ಲ,” ಅಂದರು. ರಾತ್ರಿ ಊಟಕ್ಕೆ ಕೂತಾಗ, “ಇದು ರೊಟ್ಟಿನೋ, ಉಳದ ಟೈಲ್ಸೋ?” ಎಂದೂ ಕೇಳಿದರು. ಯಜಮಾನರ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು.

ಈಗ ಅತ್ತೆ ಪಡಸಾಲೆಯ ನಟ್ಟನಡುವೆಯೇ ಅಡ್ಡಾಡುತ್ತಾರೆ. ಸಾರವಾಡದ ಬೀಗರು ಬಂದಾಗ ತಾವೇ ಮುಂದಾಗಿ “ಮೆಂತ್ಯಾ ಡಿಜೈನ್ ರಿ, ನಾವ ಹೇಳಿ ಹಾಕ್ಸೇವಿ,” ಅಂದರು. ಸೋಮವಾರ ಬಂತೆಂದರೆ ಮಾತ್ರ ನನ್ನ ಕಾಲು ತಾನಾಗಿ ಎಲೆಗಳನ್ನು ತಪ್ಪಿಸಿ ಜಿಗಿಯುತ್ತದೆ. ಹಾಗೆ ಜಿಗಿಯುವುದನ್ನು ಒಂದು ದಿನ ಅತ್ತೆ ನೋಡಿದರು. “ಯಾಕ ಬೇ, ಕುಂಟಾಕತ್ತಿ?” ಅವರಿಗೆ ಹೇಗೆ ಹೇಳಲಿ? “ಮೊಣಕಾಲ ಹಿಡದೈತ್ರಿ,” ಅಂದೆ. ಮೊಣಕಾಲ ನೋವಿಗೆ ಅವರ ಹತ್ತಿರ ಇರುವುದು ಒಂದೇ ಔಷಧ. ಅಂದಿನಿಂದ ದಿನಾ ಬೆಳಿಗ್ಗೆ, ಅವರ ಕಣ್ಣೆದುರಿಗೇ ನಿಂತು, ನೆನೆಸಿದ ಮೆಂತ್ಯದ ಕಾಳು ಒಂದು ಚಮಚ ಅಗಿದು ನುಂಗುತ್ತಿದ್ದೇನೆ.